ಎಡಗಡೆಯ ಕೋಲು

ಫೆಬ್ರವರಿ ೪

ಅಣ್ಣಾ,

ಫೋನ್ ಮಾಡಿದರೆ ನಾವಿಬ್ಬರೂ ಊಟ ಆಯ್ತಾ, ನೆಗಡಿ ಹೋಯ್ತಾ ಎನ್ನುವಲ್ಲಿಗೆ ಮಾತು ಮುಗಿಸುತ್ತೇವೆ. ಅದಕ್ಕೇ ಈ ಕಾಗದ. ನಿನಗೆ ತಲುಪಲು ಒಂಬತ್ತು ದಿನ ಹಿಡಿಯುತ್ತದೆ, ಹಿಡಿಯಲಿ. ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ವಿಷಯ ಕೆಲಸದ್ದು. ಮಾವನ ಆಟದಂಗಡಿಯ ಮೆಷಿನ್ನಿಗೆ ನಾಣ್ಯ ಹಾಕಿ ನಾವು ಆಡುತ್ತಿದ್ದ ಫೈಟಿಂಗ್ ಗೇಮ್ ಇತ್ತಲ್ಲ, ಮೂವತ್ತು ವರ್ಷದ ನಂತರ ಅದರ ಹೊಸ ಅವತಾರವನ್ನು ನಮ್ಮ ಕಂಪನಿ ತಯಾರಿಸುತ್ತಿದೆ. ಹಳೆಯ ಆಟದ ರುಚಿ ಕೆಡದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆಫೀಸಿನಲ್ಲಿ ನನ್ನನ್ನು ‘ಹಳೇ ಕೈ’ ಅನ್ನುತ್ತಾರೆ. ಮರ್ಯಾದೆಗೋ ವಯಸ್ಸಿಗೋ ತಿಳಿಯದು.

ಈಗ ಜಗಳ ಎದ್ದಿರುವುದು ಬುಗುರಿ ಏಟಿನ ಮೇಲೆ. ಆಟದೊಳಗಿನ ಪೈಲ್ವಾನನ ಆ ಏಟಿಗೆ ಜಾಯ್‌ಸ್ಟಿಕ್ಕಿನ ಕೋಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಕಣ್ಣು ಮಿಟುಕಿಸುವುದರೊಳಗೆ ಗುದ್ದಿನ ಬಟನ್ ಒತ್ತಬೇಕು. ಆಗ ಅವನು ಎದುರಾಳಿಯನ್ನು ಎತ್ತಿಕೊಂಡು ಗಿರಗಿರ ತಿರುಗಿ ನೆಲಕ್ಕೆ ಅಪ್ಪಳಿಸುತ್ತಾನೆ. ನಮ್ಮ ತಂಡಕ್ಕೆ ಹೊಸದಾಗಿ ಒಬ್ಬಳು ಬಂದಿದ್ದಾಳೆ, ದಪ್ಪ ಗಾಜಿನವಳಾದ್ದರಿಂದ ಎಲ್ಲರ ಬಾಯಲ್ಲೂ ‘ಕನ್ನಡಕ’. ಆರು ತಿಂಗಳು ಕೂತು ‘ಸುಲಭ ಕಂಟ್ರೋಲ್’ ಎಂದು ಒಂದನ್ನು ಮಾಡಿದ್ದಾಳೆ. ಸುತ್ತೂ ಇಲ್ಲ, ಗಿತ್ತೂ ಇಲ್ಲ, ಒಂದು ಬಟನ್ ಒತ್ತಿದರೆ ಬುಗುರಿ ಏಟು. ಅದಕ್ಕೆ ದಂಡವಾಗಿ ಏಟಿನ ಬಲದಲ್ಲಿ ಐದರಲ್ಲೊಂದು ಪಾಲು ಕಡಿತ. ಮನೆಯಲ್ಲಿ ಆಡಿಕೊಳ್ಳುವವರಿಗೆ ಅದು ಇರಲಿ, ನನ್ನ ತಕರಾರಿಲ್ಲ. ಅವಳು ಕೇಳುತ್ತಿರುವುದು ರ‍್ಯಾಂಕ್ ಪಂದ್ಯಗಳಲ್ಲೂ, ಅಂದರೆ ಕಷ್ಟಪಟ್ಟು ಕಲಿತವರ ಎದುರಿಗೇ, ಅದನ್ನು ಹಿಡಿದು ಆಡಲು ಬಿಡಬೇಕು ಎಂದು. ಬಿಡಬೇಕೋ ಬೇಡವೋ ಎಂದು ಏಪ್ರಿಲ್ ಮೂವತ್ತಕ್ಕೆ ವರದಿ ಕೊಡಬೇಕಾದವಳು ನಾನು. ಬೇಡ ಎಂದರೆ ಅವಳ ಆರು ತಿಂಗಳು ಕಸದ ಬುಟ್ಟಿಗೆ.

ಬೇಡ ಎಂದೇ ಬರೆಯುವವಳಿದ್ದೇನೆ. ಆಧಾರ ನಾನೇ. ಹನ್ನೊಂದು ವರ್ಷದವಳು, ಮರದ ಪೆಟ್ಟಿಗೆಯ ಮೇಲೆ ನಿಂತು, ಯಾರ ಸಹಾಯವೂ ಇಲ್ಲದೆ ಆ ಏಟು ಕಲಿತು, ಬೀದಿಯ ಚಾಂಪಿಯನ್ ಆಗಿದ್ದ ಸಲೂನಿನ ಕತ್ತರಿಯಣ್ಣನನ್ನು ಅಂಗಡಿಯ ಪಂದ್ಯದ ಫೈನಲ್ಲಿನಲ್ಲಿ ಸೋಲಿಸಿದೆ. ಜನ ನನ್ನನ್ನು ಬುಗುರಿ ಎಂದದ್ದು ಸುಮ್ಮನೆ ಅಲ್ಲವಲ್ಲ. ಆ ಮೆಷಿನ್ ನೋಡಿಕೊಳ್ಳುತ್ತಿದ್ದವನು ನೀನು. ನಾನು ಎಷ್ಟು ದಿನದಲ್ಲಿ ಕಲಿತೆ, ಹೇಗೆ ಕಲಿತೆ, ನೆನಪಿದ್ದಷ್ಟು ಬರೆ. ವರದಿಯಲ್ಲಿ ಹಾಕುತ್ತೇನೆ.

ನಿನ್ನ
ಬುಗುರಿ


ಫೆಬ್ರವರಿ ೧೬

ಬುಗುರಿ,

ಕಾಗದ ಬಂತು. ನಿಮ್ಮ ಅತ್ತಿಗೆ ಓದಿ, ನಲವತ್ತು ದಾಟಿದ ಹೆಂಗಸಿಗೆ ಗುದ್ದಾಡಲು ಸಂಬಳ ಕೊಡುತ್ತಾರೆ, ತನಗೆ ದಿನಾ ನಿಮ್ಮಣ್ಣನ ಜೊತೆ ಗುದ್ದಾಡಿದರೂ ಬಿಟ್ಟಿ ಎಂದಳು.

ನನ್ನ ಅಂಗಡಿ ನಡೆಯುತ್ತಿದೆ. ಮಿಕ್ಸಿ, ಫ್ಯಾನು, ವಾಷಿಂಗ್ ಮೆಷಿನ್. ತಿರುಗದ್ದನ್ನು ತಿರುಗಿಸುತ್ತೇನೆ, ಕೊರಗಿದ್ದನ್ನು ಗುರುಗುಟ್ಟಿಸುತ್ತೇನೆ. ಬೋರ್ಡಿನ ಮೇಲೆ ಇದನ್ನೇ ಬರೆಸೋಣವೆಂದರೆ ಜಾಗ ಸಾಲದು ಅಂತಾನೆ ಪೇಂಟರ್. ಎರಡು ಬಾಗಿಲಾಚೆ ಕತ್ತರಿಯ ಸಲೂನ್ ಹಾಗೇ ಇದೆ. ತಲೆ ಕೊಟ್ಟವರಿಗೆಲ್ಲ ಅವನು ಈಗಲೂ ನಿನ್ನ ಕಥೆ ಹೇಳುತ್ತಾನೆ. ಪೆಟ್ಟಿಗೆ ಮೇಲೆ ನಿಂತ ಪುಟ್ಟ ಹುಡುಗಿ ತನ್ನನ್ನು ಮೂರು ಸಲ ಎತ್ತಿ ಒಗೆದಳು ಅಂತ. ಸೋತದ್ದನ್ನು ಇಷ್ಟು ಗೆಲುವಾಗಿ ಹೇಳುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

ನೀನು ಕಲಿತ ವಿಚಾರ. ದಿನಾ ಬರುತ್ತಿದ್ದೆ, ದಿನಾ ಆಡುತ್ತಿದ್ದೆ, ಒಂದು ದಿನ ಏಟು ಬಂತು. ಇದಕ್ಕಿಂತ ಹೆಚ್ಚು ನೆನಪಿಲ್ಲ. ವರದಿಯಲ್ಲಿ ನನ್ನ ಮಾತು ಹಾಕಬೇಡ, ಮೆಕ್ಯಾನಿಕ್‌ಗಳ ಮಾತಿಗೆ ಗ್ಯಾರಂಟಿ ಇರುವುದಿಲ್ಲ.

ನನಗೆ ತಿಳಿಯದ್ದೊಂದಿದೆ. ಕೋಲು ಸುತ್ತುವುದರಲ್ಲಿ ಅಂಥ ಹೆಚ್ಚುಗಾರಿಕೆ ಏನು? ಬೇಕಾದ್ದು ಏಟು ತಾನೇ? ಒಂದು ಬಟನ್ನಿನವಳು ಗೆದ್ದರೆ ಆ ಗೆಲುವು ಅವಳದಲ್ಲವೇ? ಪೂರ್ತಿ ಅಲ್ಲವೋ, ಐದರಲ್ಲೊಂದು ಪಾಲು ಮಾತ್ರ ಅಲ್ಲವೋ? ಅಕಸ್ಮಾತ್ ಅವಳ ಕೈಯಲ್ಲಿರುವುದು ಸುಲಭದ್ದು ಅಂತ ಅವಳಿಗೇ ಗೊತ್ತಿಲ್ಲದಿದ್ದರೆ? ಸುಮ್ಮನೆ ಕೇಳಿದೆ. ಕೆಲಸವಿಲ್ಲದ ಮೆಕ್ಯಾನಿಕ್, ಪ್ರಶ್ನೆಯೇ ಅವನಿಗೆ ಟಾನಿಕ್.

ಅಣ್ಣ


ಮಾರ್ಚ್ ೧

ಅಣ್ಣಾ,

ನಾನು ಕೇಳಿದ್ದು ಒಂದು, ಅದಕ್ಕೆ ನಿನ್ನದು ಅರ್ಧ ಉತ್ತರ. ನೀನು ಕೇಳಿದ್ದು ಆರು. ಯಾವತ್ತಿನಿಂದ ಕನ್ನಡಕದ ವಕೀಲನಾದೆ? ಅತ್ತಿಗೆ ಫೋನಿನಲ್ಲಿ ಗೇಮ್ ಆಡಿ ಸೋಲಲು ಶುರುಮಾಡಿದ್ದಾಳೆ, ನಿನಗೆ ಕರುಣೆ ಬಂದಿದೆ ಎಂದು ನನ್ನ ಊಹೆ.

ಸುತ್ತು ಬರೀ ಅಲಂಕಾರವಲ್ಲ. ಕೋಲನ್ನು ಹಿಂದಕ್ಕೆ ಹಿಡಿದಿದ್ದರೆ ತಡೆ, ಎದುರಾಳಿಯ ಏಟು ತಾಗುವುದಿಲ್ಲ. ಸುತ್ತಲು ಹೊರಟ ಕ್ಷಣವೇ ಆ ತಡೆ ಬಿಟ್ಟ ಹಾಗೆ. ಅಂದರೆ ಹೊಡೆಯಬೇಕಾದವನು ಮೊದಲು ಮೈಯೊಡ್ಡಬೇಕು. ಒಂದು ಬಟನ್ನಿನವಳು ತಡೆ ಹಿಡಿದುಕೊಂಡೇ ಹೊಡೆದುಬಿಡುತ್ತಾಳೆ. ಕನ್ನಡಕ ಇದನ್ನು ಬಲ್ಲಳು. ಅದಕ್ಕೇ ಏಟಿನ ಬಲ ತಗ್ಗಿಸಿ, ಸಣ್ಣಪುಟ್ಟ ಗುದ್ದುಗಳಲ್ಲಿ ನಾಲ್ಕನ್ನು ಕಿತ್ತುಕೊಂಡಿದ್ದಾಳೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಳ್ಳುವುದು. ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ತೂಗಿದ್ದಾಳೆ. ಮೊನ್ನೆ ನನ್ನ ಮುಖಕ್ಕೇ ಹೇಳಿದಳು:

“ಆಟ ಇರೋದು ಬಾಗಿಲ ಒಳಗೆ, ಮೇಡಂ. ನೀವು ಬಾಗಿಲು ತೆಗೆದವರಿಗೇ ಬಹುಮಾನ ಕೊಟ್ಟು ಕಳಿಸ್ತಿದೀರ.”

ನನಗೂ ಯಾರೂ ಕೀಲಿಕೈ ಕೊಟ್ಟಿರಲಿಲ್ಲ ಎಂದೆ.

ಇನ್ನೊಂದು ಕಷ್ಟ. ಹೋಲಿಸಿ ನೋಡಲೆಂದು ಆಫೀಸಿಗೆ ಹಳೆಯ ಮೆಷಿನ್ ತರಿಸಿದ್ದಾರೆ, ಮಾವನ ಅಂಗಡಿಯಲ್ಲಿದ್ದ ಮಾದರಿಯದೇ. ಇಬ್ಬರು ಆಡುವ ಎರಡು ಕೋಲಿನಲ್ಲಿ ಎಡಗಡೆಯದಕ್ಕೆ ನಿಂತೆ, ಅದೇ ತಾನೇ ನನ್ನ ಜಾಗ. ಹತ್ತು ಸಲ ಸುತ್ತಿದರೆ ಏಟು ಬಂದದ್ದು ಒಂದು ಸಲ! ನನ್ನ ಸ್ವಂತ ಕೋಲಿನಲ್ಲಿ, ಅಂದರೆ ನನ್ನ ಕೈಗೆ ಹೊಂದುವಂತೆ ಮಾಡಿಸಿಕೊಂಡು ಎಲ್ಲಿಗೆ ಹೋದರೂ ಹೊತ್ತೊಯ್ಯುವುದರಲ್ಲಿ, ಹತ್ತಕ್ಕೆ ಹತ್ತು. ಹಾಗಾಗಿ ಕೆಟ್ಟಿರುವುದು ಮೆಷಿನ್ನೇ. ಹೊಸ ಆಟದಲ್ಲಿ ಹಳೆಯ ಕಂಟ್ರೋಲಿನ ಅಳತೆಗಳನ್ನು, ಅಂದರೆ ಕೋಲು ಎಷ್ಟು ವಾಲಿದರೆ ಸುತ್ತು ಎಂದು ಒಪ್ಪಬೇಕು ಎನ್ನುವುದನ್ನು, ನಾನು ಕೈನೆನಪಿನಿಂದ ಕೂರಿಸಿದ್ದೇನೆ. ಅದು ಮೆತ್ತಗಾಯಿತು, ಹಳೆಯದು ಇಷ್ಟು ಸಲೀಸಿರಲಿಲ್ಲ ಎಂದು ಆಟ ಆಡಿ ಪರೀಕ್ಷಿಸುವ ಕೆಲವು ಟೆಸ್ಟರ್‌ಗಳ ಗೊಣಗಾಟ. ಅವರ ಬಾಯಿ ಮುಚ್ಚಿಸಲು ಈ ಮೆಷಿನ್ ರಿಪೇರಿಯಾಗಬೇಕು. ಏನು ಬಿಚ್ಚಲಿ, ಏನು ತಿರುಗಿಸಲಿ, ಬರೆ.

ಬುಗುರಿ


ಮಾರ್ಚ್ ೧೨

ಬುಗುರಿ,

ಆ ಮೆಷಿನ್ ಕೆಟ್ಟಿಲ್ಲ.

ಕೋಲಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಜೊತೆ ಹಿತ್ತಾಳೆ ಪಟ್ಟಿಗಳಿರುತ್ತವೆ. ಕೋಲು ವಾಲಿದಾಗ ಪಟ್ಟಿಗೆ ಪಟ್ಟಿ ತಾಗಿ, ಯಾವ ಕಡೆ ಹೋಯಿತೆಂದು ಮೆಷಿನ್ನಿಗೆ ತಿಳಿಯುತ್ತದೆ. ಕಂಪನಿಯವರು ನಡುವೆ ನಾಣ್ಯದ ದಪ್ಪದಷ್ಟು ಸಂದು ಬಿಟ್ಟಿರುತ್ತಾರೆ. ಕೋಲನ್ನು ಅಂಚಿನವರೆಗೂ ಎಳೆದರೇ ಅವು ತಾಗುವುದು. ಪೆಟ್ಟಿಗೆಯ ಮೇಲೆ ನಿಂತರೂ ನಿನ್ನ ಕೈ ಅಷ್ಟು ದೂರ ಎಳೆಯುತ್ತಿರಲಿಲ್ಲ. ನೀನು ಮೂರು ವಾರ ಸುತ್ತಿದೆ, ಒಂದು ಏಟೂ ಬರಲಿಲ್ಲ. ಒಂದು ಸಂಜೆ ನಿನ್ನ ಅಂಗೈ ನೋಡಿದೆ. ಹೆಬ್ಬೆರಳ ಬುಡದಲ್ಲಿ ಗುಳ್ಳೆ ಒಡೆದಿತ್ತು. ಅಮ್ಮನಿಗೆ ಕಾಣದ ಹಾಗೆ ಮುಷ್ಟಿ ಕಟ್ಟಿಕೊಂಡು ಓಡಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇಕ್ಕಳ ಹಿಡಿದು ಎಡಗಡೆಯ ಕೋಲಿನ ಪಟ್ಟಿಗಳನ್ನೆಲ್ಲ ಬಗ್ಗಿಸಿದೆ. ಸಂದು ಕಾಗದದಷ್ಟಾಯಿತು. ಕೋಲು ಅಲುಗಿದರೆ ಸಾಕು, ತಾಗುತ್ತಿತ್ತು. ಅವತ್ತೇ ನಿನಗೆ ಏಟು ಬಂತು. ನೀನು ಕಿರುಚಿದ್ದಕ್ಕೆ ಮಾವ ಟೀ ಚೆಲ್ಲಿಕೊಂಡರು.

ಆಗಲೇ ಹೇಳಬಹುದಿತ್ತು. ನಾನೇ ಮಾಡಿದೆ, ನಾನೇ ಮಾಡಿದೆ ಎಂದು ನೀನು ಕುಣಿಯುವಾಗ ನಡುವೆ ಇಕ್ಕಳ ತೋರಿಸಲು ಮನಸ್ಸಾಗಲಿಲ್ಲ. ನಾಲ್ಕು ದಿನ ಬಿಟ್ಟು ಮೊದಲಿನಂತೆ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ನಿನಗೆ ಹೆಸರು ಬಿತ್ತು. ಹೆಸರಿನ ಹಿಂದೆಯೇ ಪಂದ್ಯ ಬಂತು. ಫೈನಲ್ಲಿನಲ್ಲಿ ಕತ್ತರಿ ಬಲಗಡೆ ನಿಂತ, ಕಂಪನಿಯ ಕೋಲು ಹಿಡಿದು.

ನಿನ್ನ ಸುತ್ತು ಚಿಕ್ಕದು, ಬಳೆಯಷ್ಟು. ಅವತ್ತು ಕಲಿತದ್ದು ಅದೇ, ಇವತ್ತಿಗೂ ಸುತ್ತುವುದು ಅದನ್ನೇ. ನಿನ್ನ ಸ್ವಂತ ಕೋಲಿಗೆ ಅದು ಸಾಕು. ಆಫೀಸಿನ ಮೆಷಿನ್ ಅದನ್ನು ಸುತ್ತು ಎಂದು ಒಪ್ಪುತ್ತಿಲ್ಲ, ಅಷ್ಟೆ.

ಬರೆದದ್ದನ್ನು ಓದಿ ನೋಡಿದೆ. ನಿನ್ನ ಹೆಸರನ್ನು ನಾನೇ ಕಿತ್ತುಕೊಂಡ ಹಾಗಿದೆ. ಕಳಿಸುವುದಿಲ್ಲ. ಡ್ರಾಯರಿಗೆ ಹಾಕುತ್ತೇನೆ.


ಮಾರ್ಚ್ ೧೩

ಬುಗುರಿ,

ಮೆಷಿನ್ನಿನ ಹಿಂದಿನ ಹಲಗೆ ತೆಗೆ. ಧೂಳು ಊದು. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಬದಲಿಸು. ಒಂದು ತೊಟ್ಟು ಎಣ್ಣೆ ಬಿಡು. ಹಳೆಯ ಸಾಮಾನಿಗೆ ಸ್ವಲ್ಪ ಸಮಾಧಾನ ಬೇಕು.

ಇಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲಾಗಲಿಲ್ಲ. ವರದಿಗೆ ಅವಸರ ಮಾಡಬೇಡ.

ಅಣ್ಣ


ಮಾರ್ಚ್ ೨೭

ಅಣ್ಣಾ,

ಧೂಳು ಊದಿದೆ, ಎಣ್ಣೆ ಬಿಟ್ಟೆ, ಸ್ಪ್ರಿಂಗ್ ಬದಲಿಸಿದೆ. ಏನೂ ಆಗಲಿಲ್ಲ. ಆಮೇಲೆ ಟೆಸ್ಟರ್ ಒಬ್ಬ, ಐವತ್ತರ ಆಸಾಮಿ, ಬಂದು ಅದೇ ಎಡಗಡೆಯ ಕೋಲಿನಲ್ಲಿ ಏಳಕ್ಕೆ ಏಳು ಬುಗುರಿ ಏಟು ಹೊಡೆದ. ಅಂದರೆ ಮೆಷಿನ್ ಸರಿಯಿದೆ. ನಿಮ್ಮ ಕೈಗೆ ಏನಾದರೂ ಆಗಿದೆಯಾ ಎಂದು ಕೇಳಿದ. ಅಣಕಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರದಿಂದ ಕೇಳಿದ.

ಡಾಕ್ಟರ ಹತ್ತಿರ ಹೋಗಿದ್ದೆ. ಬೆರಳು ಮಡಿಸಿ, ಬಿಡಿಸಿ, ಬಲ್ಬ್ ಹಾಕುವಂತೆ ಮಣಿಕಟ್ಟು ತಿರುಗಿಸಿ, ಏನೂ ಇಲ್ಲ ಎಂದರು. ಏನಾದರೂ ಇದೆ ಎಂದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಈಗ ಚಹಾದ ಲೋಟ ಹಿಡಿದರೂ ಕೈಯನ್ನೇ ನೋಡುತ್ತೇನೆ, ಬೇರೆ ಯಾರದ್ದೋ ಎನ್ನುವಂತೆ.

ವರದಿ ಬೇರೆಯವರಿಗೆ ವಹಿಸಿ, ಈ ಕೆಲಸದಿಂದಲೂ ನನ್ನನ್ನು ಬಿಡಿಸಿ ಎಂದು ಕೇಳೋಣವೆಂದಿದ್ದೇನೆ. ಆ ಏಟು ಬರದ ನಾನು ಇನ್ನೊಬ್ಬರಿಗೆ ಕಷ್ಟಪಟ್ಟು ಕಲಿಯಿರಿ ಎನ್ನಲು ಯಾರು? ಕನ್ನಡಕ ಬಿಸಿನೀರಿನ ಚೀಲ ತಂದುಕೊಟ್ಟಳು. ತನ್ನ ಕೆಲಸವನ್ನು ಕಸಕ್ಕೆ ಹಾಕಲು ಹೊರಟವಳಿಗೆ!

ಮಾವನ ಅಂಗಡಿಯಲ್ಲಿ ನೀನು ಎಷ್ಟೋ ಕೈಗಳನ್ನು ನೋಡಿದ್ದೀಯ. ಹೀಗೂ ಆಗುತ್ತದೆಯೇ?

ಬುಗುರಿ


ಏಪ್ರಿಲ್ ೫

ಬುಗುರಿ,

ನಿನ್ನ ಕೈಗೆ ಏನೂ ಆಗಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗಬೇಡ.

ಜೊತೆಯಲ್ಲಿರುವ ಕಾಗದ ಮಾರ್ಚ್ ಹನ್ನೆರಡರದು. ಇಪ್ಪತ್ತನಾಲ್ಕು ದಿನ ಡ್ರಾಯರಿನಲ್ಲಿತ್ತು, ಅದಕ್ಕೂ ಮುಂಚೆ ಮೂವತ್ತು ವರ್ಷ ಗಂಟಲಿನಲ್ಲಿತ್ತು. ಧೂಳು, ಎಣ್ಣೆ ಎಂದು ಬರೆದದ್ದು ಸುಳ್ಳು. ನಿನ್ನ ಹೆಸರು ಹೋಗುತ್ತದೆಂದು ನಾನು ಹೆದರಿದೆ, ಅದರಿಂದ ಕೈಯೇ ಹೋಯಿತೆಂದು ನೀನು ಹೆದರುವ ಹಾಗಾಯಿತು. ಓದು. ಈ ಸಲ ಪ್ರಾಸ ಇಲ್ಲ.

ಅಣ್ಣ


ಏಪ್ರಿಲ್ ೨೭

ಬುಗುರಿ,

ಇಪ್ಪತ್ತೆರಡು ದಿನವಾಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಾನೆ. ಫೋನ್ ಮಾಡಿದೆ, ನೀನು ಊಟ ಆಯ್ತು, ನೆಗಡಿ ಇಲ್ಲ ಎಂದೆ. ಬೈಯುವುದಿದ್ದರೆ ಬೈ, ಬಾಯಿ ಕಟ್ಟಿಕೊಂಡು ಕೂರಬೇಡ.

ಇನ್ನು ಮೂರು ದಿನಕ್ಕೆ ನಿನ್ನ ವರದಿ. ಈ ಕಾಗದ ಅಷ್ಟರೊಳಗೆ ಬರುವುದಿಲ್ಲ ಎಂದು ಗೊತ್ತು.

ಅಣ್ಣ


ಮೇ ೨

ಅಣ್ಣಾ,

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ. ಎರಡನೆಯದರಲ್ಲಿ ಬೈಗುಳದ ಕೊನೆಗೆ ಒಂದು ಪ್ರಶ್ನೆ. ನಾಲ್ಕನೆಯದರ ಹೊತ್ತಿಗೆ ಪ್ರಶ್ನೆಗಳೇ ಉಳಿದವು. ಕಾಗದದಷ್ಟು ಸಂದು ಎಂದೆಯಲ್ಲ, ಯಾವ ಕಾಗದ? ನೋಟ್‌ಬುಕ್ಕಿನದೋ, ದಿನಪತ್ರಿಕೆಯದೋ?

ಉತ್ತರಕ್ಕೆ ಕಾಯಲಾಗಲಿಲ್ಲ. ಆಫೀಸಿನ ಮೆಷಿನ್ನಿನ ಎಡಗಡೆಯ ಕೋಲು ಬಿಚ್ಚಿ ನಾನೇ ಇಕ್ಕಳ ಹಿಡಿದೆ. ಕನ್ನಡಕ ಟಾರ್ಚ್ ಹಿಡಿದಳು. ಎದ್ದು ನಿಂತು ಸುತ್ತಿದೆ. ಹತ್ತಕ್ಕೆ ಹತ್ತು. ಅಳು ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ನಗು. ಇಷ್ಟು ದಿನ ಇಡೀ ತಂಡದೊಡನೆ ಜಗಳವಾಡಿ, ಹಳೆಯ ಆಟದ ಕಟ್ಟುನಿಟ್ಟು ಎಂದು ನಾನು ಕಾಪಾಡಿಕೊಂಡು ಬಂದದ್ದು ನಿನ್ನ ಇಕ್ಕಳವನ್ನು! ನಾನು ‘ಹಳೆಯದು’ ಎಂದು ಕೂರಿಸಿದ ಅಳತೆ ಅದರದೇ. ಕನ್ನಡಕ ಮಾಡಿದ್ದು ಒಂದು ಸುಲಭ, ನನ್ನದು ಇನ್ನೊಂದು ಸುಲಭ. ಅವಳು ತನ್ನದರ ಮೇಲೆ ‘ಸುಲಭ’ ಎಂದು ಚೀಟಿ ಅಂಟಿಸಿದ್ದಳು.

ಹಾಗಾದರೆ ಕತ್ತರಿಯಣ್ಣನನ್ನು ಗೆದ್ದವರು ಯಾರು, ನಾನೋ ಇಕ್ಕಳವೋ? ಇದನ್ನು ತಿಳಿಯಲು ಒಂದು ಉಪಾಯ ಮಾಡಿದೆ. ಎಂದೂ ಈ ಆಟ ಮುಟ್ಟದ ನಮ್ಮ ಗೇಟಿನ ಕಾವಲುಗಾರನಿಗೆ ಸುಲಭ ಕಂಟ್ರೋಲ್ ಕೊಟ್ಟು, ಆ ಐವತ್ತರ ಟೆಸ್ಟರ್ ಎದುರಿಗೆ ಕೂರಿಸಿದೆ. ಮೊದಲ ದಿನ ಇಪ್ಪತ್ತಕ್ಕೆ ಇಪ್ಪತ್ತೂ ಸೋತ. ಏಟು ಬೆರಳ ತುದಿಯಲ್ಲಿದೆ, ಹೊಡೆಯುವ ಹೊತ್ತು ಗೊತ್ತಿಲ್ಲ. ನಾಲ್ಕನೇ ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ:

“ಅವ್ರು ಮೈಮೇಲೆ ಬರೋಕೆ ಮುಂಚೆ ಒಂದ್ಹೆಜ್ಜೆ ಹಿಂದಿಡ್ತಾರೆ, ಮೇಡಂ. ನೋಡಿದೀರಾ?”

ನಾನು ಈ ಮಾತಿಗೆ ಬಂದು ಮುಟ್ಟಲು ಒಂದು ವರ್ಷ ಹಿಡಿದಿತ್ತು. ಅವತ್ತು ಅವನು ಮೂರು ಆಟ ಗೆದ್ದ. ಎದುರಾಳಿಯನ್ನು ಓದುವ ಆ ಕಣ್ಣನ್ನು ಯಾವ ಬಟನ್ನೂ ಅವನಿಗೆ ಕೊಟ್ಟಿರಲಿಲ್ಲ.

ವರದಿ ಕೊಟ್ಟೆ. ಸುಲಭದವರನ್ನೂ ಆಡಲು ಬಿಡಬೇಕು ಎಂದು ಬರೆದೆ. ಎರಡೂ ಕಂಟ್ರೋಲಿನವರು ಒಂದೇ ಪಂದ್ಯದಲ್ಲಿ ಆಡಲಿ, ಐದರಲ್ಲೊಂದು ದಂಡವೂ ಇರಲಿ. ನಾನು ಸೇರಿಸಿದ ಷರತ್ತು ಒಂದೇ: ಆಟಗಾರನ ಹೆಸರಿನ ಪಕ್ಕ ಅವನು ಯಾವ ಕಂಟ್ರೋಲ್ ಹಿಡಿದಿದ್ದಾನೆ ಎನ್ನುವ ಸಣ್ಣ ಗುರುತಿರಬೇಕು, ಪಂದ್ಯ ಶುರುವಾಗುವ ಮುಂಚೆಯೇ ಎದುರಿನವನಿಗೆ ಅದು ಕಾಣಬೇಕು. ಗುರುತು ನೋಡಿ ಜನ ಗೇಲಿ ಮಾಡುತ್ತಾರೆ ಎಂದು ಕನ್ನಡಕ ತಕರಾರು ತೆಗೆದಳು. ಮಾಡಲಿ, ಸೋತ ಮೇಲೆ ನಿಲ್ಲಿಸುತ್ತಾರೆ ಎಂದೆ. ಹಳೆಯ ಕಂಟ್ರೋಲನ್ನು ಮೆಷಿನ್ನಿನ ನಿಜವಾದ ಅಳತೆಗೆ ಸರಿಪಡಿಸಿದ್ದೇನೆ. ಅದರಲ್ಲಿ ಈಗ ನನಗೆ ಹತ್ತಕ್ಕೆ ಮೂರು. ದೊಡ್ಡ ಸುತ್ತು ಕಲಿಯುತ್ತಿದ್ದೇನೆ.

ನೀನು ಪಟ್ಟಿ ಬಗ್ಗಿಸಿದ್ದನ್ನು ತಪ್ಪು ಎನ್ನಲಾರೆ. ಬಗ್ಗಿಸದಿದ್ದರೆ ಇನ್ನೊಂದು ವಾರಕ್ಕೆ ಆಟವನ್ನೇ ಬಿಡುತ್ತಿದ್ದೆ, ಈ ಕೆಲಸವೂ ಇಲ್ಲ, ಈ ಕಾಗದವೂ ಇಲ್ಲ. ಆದರೆ ಬಲಗಡೆ ನಿಂತಿದ್ದವನಿಗೆ ಅದು ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಕತ್ತರಿಯಣ್ಣನಿಗೆ ನೀನೇ ಹೇಳಬೇಕು, ಎದುರಿಗೆ ನಿಂತು. ಹೇಳಿದ ಮೇಲೆ ಬರೆ.

ನಿನ್ನ ತಂಗಿ


ಮೇ ೧೩

ತಂಗಿ,

ಹೇಳಿದೆ. ಎದುರಿಗೆ ನಿಂತು ಅಲ್ಲ, ಕತ್ತರಿಯ ಸಲೂನಿನ ಕುರ್ಚಿಯಲ್ಲಿ ಒರಗಿ. ಜಾಗ ಆರಿಸುವಾಗ ಬುದ್ಧಿ ಓಡಲಿಲ್ಲ. ಮುಖದ ತುಂಬ ನೊರೆ, ಗಂಟಲ ಮೇಲೆ ಅವನ ಕತ್ತಿ. ಬೆಂಚಿನಲ್ಲಿ ಕಾಯುತ್ತಿದ್ದ ಇಬ್ಬರಿಗೆ ಅವನು ನಿನ್ನ ಕಥೆ ಶುರುಮಾಡಿ, ಎರಡನೇ ಸಲ ಎತ್ತಿ ಒಗೆದಲ್ಲಿಗೆ ಬಂದಿದ್ದ. ನಾನು ಕಣ್ಣು ಮುಚ್ಚಿಕೊಂಡು, ಆ ಎಡಗಡೆಯ ಕೋಲನ್ನು ಸುಲಭ ಮಾಡಿಟ್ಟವನು ನಾನು ಎಂದೆ. ಕತ್ತಿ ನಿಂತಿತು. ನಿಂತ ಕತ್ತಿಯ ಕೆಳಗೆ ಮಾತು ಎಷ್ಟು ಬೇಗ ಬರುತ್ತದೆ ಎಂದು ನಿನಗೆ ತಿಳಿಯದು. ಪಟ್ಟಿ, ಇಕ್ಕಳ, ನಿನ್ನ ಅಂಗೈ, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವನು ಕತ್ತಿ ಒರೆಸಿ ಪಕ್ಕಕ್ಕಿಟ್ಟ. ಹುಡುಗಿಗೆ ಗೊತ್ತಿತ್ತೇ ಎಂದು ಕೇಳಿದ. ಈ ಏಪ್ರಿಲ್ಲಿನಲ್ಲಿ ತಿಳಿಯಿತು ಎಂದೆ. ಹಾಗಾದರೆ ಅವಳದ್ದು ಸರಿಯಾದ ಆಟವೇ ಎಂದ. ಬೆಂಚಿನವನೊಬ್ಬ ಕತ್ತರಿಗೆ, ಅಂದರೆ ನಿಜಕ್ಕೂ ಗೆದ್ದವನು ನೀನೇ ಅಲ್ಲವೇ ಎಂದು ಬಾಯಿ ಹಾಕಿದ್ದಕ್ಕೆ, ನಿನ್ನ ಸರದಿ ಇನ್ನೂ ಬಂದಿಲ್ಲ, ಸುಮ್ಮನೆ ಕೂರು ಎಂದ.

ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದ.

“ನಂಗೂ ಆ ಏಟು ಸರಿಯಾಗಿ ಬರ್ತಿರ್ಲಿಲ್ಲ ಕಣೋ. ಹತ್ತಕ್ಕೆ ನಾಲ್ಕು. ಮನೇಲಿ ಬಾಚಣಿಗೆ ನಿಲ್ಲಿಸ್ಕೊಂಡು ಸುತ್ತಿದ್ದೇ ಸುತ್ತಿದ್ದು. ಯಾರಿಗೂ ಹೇಳಿರ್ಲಿಲ್ಲ, ಚಾಂಪಿಯನ್ ಅಲ್ವಾ.”

ನನ್ನ ಕೊರಳಿನ ಬಟ್ಟೆ ಸರಿಮಾಡುತ್ತ ಕೇಳಿದ:

“ಇಕ್ಕಳ ಕೈಲಿತ್ತು. ಮೆಷಿನ್ ಬಿಚ್ಚಿತ್ತು. ಬಲಗಡೇದೂ ಯಾಕೆ ಬಗ್ಗಿಸ್ಲಿಲ್ಲ ನೀನು?”

ಬೈದಂತೆ ಇರಲಿಲ್ಲ. ಕೆಟ್ಟ ಫ್ಯಾನು ತಂದವರು ಯಾಕೆ ಕೆಟ್ಟಿತು ಎಂದು ಕೇಳುತ್ತಾರಲ್ಲ, ಹಾಗೆ, ತಿಳಿದುಕೊಳ್ಳಲಿಕ್ಕೆ ಕೇಳಿದ.

ಬಗ್ಗಿಸಬಾರದಿತ್ತೇ, ಹೇಳಬೇಕಿತ್ತೇ ಎಂದು ಮೂವತ್ತು ವರ್ಷ ಆ ಬೆಳಿಗ್ಗೆಯನ್ನು ತಿರುವಿ ಹಾಕಿದ್ದೇನೆ. ಇನ್ನೂ ನಾಲ್ಕು ಸ್ಕ್ರೂ ಬಿಚ್ಚಬಹುದಿತ್ತು ಎನ್ನುವುದು ಒಮ್ಮೆಯೂ ಹೊಳೆದಿರಲಿಲ್ಲ. ಕಾಲು ಗಂಟೆಯ ಕೆಲಸ. ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಅಂಗೈ.

ಅವನು ಒಣಗಿದ ನೊರೆಯ ಮೇಲೆ ಮತ್ತೆ ಬ್ರಷ್ ಆಡಿಸಿ, ಉಳಿದ ಅರ್ಧ ಗಡ್ಡ ಹೆರೆದ, ಎಂದಿನಷ್ಟೇ ನಯವಾಗಿ. ಒಂದು ಗೀರೂ ಆಗಲಿಲ್ಲ. ಆಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಣ್ಣ